ಓನರಜ್ಜಿಗೆ ಕೇಳಿಸುವಂತೆ ಓದಿದ್ದು

ನಾನು ಐದನೇ ಕ್ಲಾಸಿನಲ್ಲಿದ್ದಾಗ, ತೊಂಬತ್ತರ ದಶಕದ ನಡುವಿನ ಒಂದು ವರ್ಷ, ನಮ್ಮ ಶಾಲೆಗೆ ಯಾವುದೋ ಸಂಸ್ಥೆಯ ಸರ್ ಒಬ್ಬರು ಬಂದರು. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿ, ಗೋಡೆಯ ಮೇಲೆ ಸ್ಲೈಡು ಬಿಟ್ಟರು. ಎಲ್ಲೋ ದೂರದ ದೇಶದ ಮಕ್ಕಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ದಪ್ಪ, ಕಣ್ಣು ಇಷ್ಟಗಲ. ನನ್ನ ಪಕ್ಕದವಳು ಅತ್ತೇಬಿಟ್ಟಳು. ನನಗೆ ಅಳು ಬರಲಿಲ್ಲ. ಸ್ಲೈಡಿನ ಬೆಳಕಲ್ಲಿ ಮೇಜಿನ ಮೇಲೆ ಹೊಳೆಯುತ್ತಿದ್ದ ಒಂದು ವಸ್ತುವನ್ನೇ ನೋಡುತ್ತಾ ಕೂತಿದ್ದೆ.

ಅದು ಪೆನ್ಸಿಲ್ ಬಾಕ್ಸು. ಎರಡೂ ಕಡೆ ತೆಗೆಯಬಹುದಾದದ್ದು, ಅಯಸ್ಕಾಂತದ ಮುಚ್ಚಳದ್ದು. ಒಂದು ಗುಂಡಿ ಒತ್ತಿದರೆ ರಬ್ಬರಿನ ಡ್ರಾಯರು ಟಕ್ಕೆಂದು ಹೊರಗೆ ಬರುತ್ತಿತ್ತು, ಇನ್ನೊಂದು ಒತ್ತಿದರೆ ಪೆನ್ಸಿಲ್ ಚೂಪು ಮಾಡುವ ಮೆಂಡರು ಎದ್ದು ನಿಲ್ಲುತ್ತಿತ್ತು. ಸರ್ ಎರಡನ್ನೂ ಒತ್ತಿ ತೋರಿಸಿದರು. ಒಂದು ತಿಂಗಳಲ್ಲಿ ಎಲ್ಲರಿಗಿಂತ ಹೆಚ್ಚು ಪುಸ್ತಕ ಓದಿದವರಿಗೆ ಅದು ಬಹುಮಾನ.

ಕ್ರಮ ಹೀಗಿತ್ತು. ಒಬ್ಬೊಬ್ಬರಿಗೂ ಒಂದು ಗುಲಾಬಿ ಕಾರ್ಡು. ಅದನ್ನು ಹಿಡಿದುಕೊಂಡು ಮನೆಯವರ ಹತ್ತಿರ, ನೆಂಟರ ಹತ್ತಿರ, ಅಕ್ಕಪಕ್ಕದವರ ಹತ್ತಿರ ಹೋಗಿ, ‘ನಾನು ಓದುವ ಒಂದೊಂದು ಪುಸ್ತಕಕ್ಕೂ ಇಷ್ಟು ಕೊಡಿ’ ಎಂದು ಕೇಳಬೇಕು. ಅವರು ಒಪ್ಪಿದ ಮೊತ್ತ ಬರೆದು ಸಹಿ ಹಾಕಬೇಕು. ತಿಂಗಳ ಕೊನೆಗೆ ಬಂದ ದುಡ್ಡು ಹಸಿದ ಮಕ್ಕಳ ಊಟಕ್ಕೆ. ಕಾರ್ಡಿನ ಹಿಂದೆ ಓದಿದ ಪುಸ್ತಕಗಳ ಹೆಸರು ಬರೆಯಲು ಗೆರೆಗಳಿದ್ದವು. ಎಷ್ಟು ಪುಟದ ಪುಸ್ತಕ ಎಂದು ಬರೆಯಲು ಜಾಗವಿರಲಿಲ್ಲ. ಅದನ್ನು ಅಲ್ಲೇ, ಕತ್ತಲಲ್ಲೇ, ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅಪ್ಪ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದಲ್ಲಿದ್ದರು. ಕಾರ್ಡು ನೋಡಿ ನಕ್ಕರು. “ನೀನು ಓದ್ತೀಯಾ? ಬರ್ಕೊ, ಪುಸ್ತಕಕ್ಕೆ ಒಂದು ರೂಪಾಯಿ.” ಅಮ್ಮ ಒಲೆಯ ಮುಂದಿನಿಂದಲೇ, “ನಿಮ್ಮಪ್ಪನ ರೂಪಾಯಿಲೇ ನಂದೂ ಸೇರ್ಕೊಂಡಿದೆ” ಎಂದಳು. ಮನೆಯ ವಸೂಲಿ ಅಷ್ಟಕ್ಕೇ ಮುಗಿಯಿತು.

ಉಳಿದದ್ದು ಓನರಜ್ಜಿ.

ನಾವಾಗ ಶ್ರೀರಾಂಪುರದಲ್ಲಿ ಬಾಡಿಗೆಗಿದ್ದೆವು. ಹಿಂದಿನ ಎರಡು ರೂಮು ನಮ್ಮದು, ಮುಂದಿನ ಭಾಗ ಮನೆ ಒಡತಿಯದು. ಬೀದಿಯವರೆಲ್ಲ ಓನರಮ್ಮ ಎನ್ನುತ್ತಿದ್ದರು, ನಾನು ಓನರಜ್ಜಿ ಎನ್ನುತ್ತಿದ್ದೆ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗವಿದ್ದ ಬೆಳ್ಳಿ ಕರಡಿಗೆ, ಬೀದಿಯ ಆ ತುದಿಗೂ ಕೇಳುವ ಗಂಟಲು. ಗಂಡ ತೀರಿಕೊಂಡ ಮೇಲೆ ಸಂತೇಪೇಟೆಯ ಎಣ್ಣೆ ಅಂಗಡಿಯನ್ನು ಒಬ್ಬಳೇ ಇಪ್ಪತ್ತು ವರ್ಷ ನಡೆಸಿದವಳು. ಒಂದಕ್ಷರ ಓದಲು ಬರುತ್ತಿರಲಿಲ್ಲ, ಲೆಕ್ಕ ಮಾತ್ರ ಬಾಯಲ್ಲೇ. ಬೀದಿಯ ಮಕ್ಕಳ ಚೆಂಡು ಅವಳ ಕಾಂಪೌಂಡಿಗೆ ಬಿದ್ದರೆ ವಾಪಸು ಬರುತ್ತಿರಲಿಲ್ಲ.

ನಾನು ಕಾರ್ಡು ಹಿಡಿದು ನಿಂತೆ. ಎಲ್ಲ ಹೇಳಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು.

“ಅಲ್ಲ ಕಣೇ, ಮಕ್ಕಳು ಹಸಿದವ್ರೆ ಅಂತ ಗೊತ್ತಾದ್ಮೇಲೆ ನೇರ್‍ವಾಗಿ ಅನ್ನ ಹಾಕೋದಲ್ವಾ? ಮಧ್ಯದಲ್ಲಿ ನೀನ್ಯಾಕೆ ಓದ್ಬೇಕು?”

“ಮಿಸ್ಸು ಹೇಳಿದಾರೆ” ಎಂದೆ.

“ನೀನು ಓದ್ದೇ ಹೋದ್ರೆ ಅವು ಉಪವಾಸವಾ?”

“ಹೂಂ ಅಜ್ಜಿ.”

“ಅಯ್ಯೋ ಶಿವನೇ, ಹಂಗಾದ್ರೆ ಅವುಗಳ ಗತಿ ಅಷ್ಟೇಯ” ಎಂದು ಅಜ್ಜಿ ಅವರೆಕಾಯಿ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬರ್ಕೊ. ಒಂದೊಂದಕ್ಕೂ ಐದು ರೂಪಾಯಿ” ಅಂದಳು.

ನನಗೆ ನೆಲ ಕಾಲಿಗೆ ತಾಗಲಿಲ್ಲ. ಆದರೆ ಅಜ್ಜಿಯ ಮಾತು ಮುಗಿದಿರಲಿಲ್ಲ. “ಕಣ್ಣಲ್ಲೇ ಓದ್ಕೊಂಡು ಬಂದು ಆಯ್ತು ಅಂದ್ರೆ ನಾನು ಒಪ್ಪಲ್ಲ. ಅಳತೆ ಅನ್ನೋದು ಗಿರಾಕಿ ಕಣ್ಮುಂದೆ ಆಗ್ಬೇಕು. ಸಾಯಂಕಾಲ ಇಲ್ಲಿ ಜಗಲಿ ಮೇಲೆ ಕೂತ್ಕೊಂಡು ಗಟ್ಟಿಯಾಗಿ ಓದು. ನಂಗೆ ಕೇಳಿಸ್ಬೇಕು.”

ಓದಲು ಬಾರದವಳ ಮುಂದೆ ಓದುವುದರಲ್ಲಿ ಏನು ಕಷ್ಟ ಎಂದುಕೊಂಡೆ. ಮೊದಲ ವಾರ ಶಾಲೆಯ ಲೈಬ್ರರಿಯಿಂದ ಅಪ್ಪಳದಷ್ಟು ತೆಳುವಾದ ಚಿತ್ರದ ಪುಸ್ತಕಗಳನ್ನೇ ಆರಿಸಿ ತಂದೆ. ಒಂದು ಮೊಲ, ಒಂದು ಕ್ಯಾರೆಟ್ಟು, ಮುಗಿಯಿತು. ಅಜ್ಜಿ ಕಾಲು ಚಾಚುವಷ್ಟರಲ್ಲಿ ಎರಡು ಪುಸ್ತಕ ಆಗುತ್ತಿತ್ತು. “ಇಷ್ಟೇಯಾ?” ಎನ್ನುತ್ತಿದ್ದಳು. “ಇಷ್ಟೇ ಅಜ್ಜಿ.” ಏನೋ ಗೊಣಗಿ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಒಂದೊಂದು ಗೆರೆ ಹಾಕುತ್ತಿದ್ದಳು.

ತೆಳು ಪುಸ್ತಕಗಳು ಬೇಗ ಮುಗಿದುಹೋದವು, ಏಕೆಂದರೆ ಇಡೀ ಕ್ಲಾಸಿಗೆ ಅದೇ ಬುದ್ಧಿ ಬಂದಿತ್ತು. ಆಗ ನನ್ನ ಕಣ್ಣು ಮನೆಯ ಅಟ್ಟದ ಮೇಲೆ ಹೋಯಿತು. ಅಲ್ಲಿ ಅಮ್ಮ ಜೋಪಾನವಾಗಿಟ್ಟಿದ್ದ ಕುಕ್ಕರಿನ ಕೈಪಿಡಿ ಇತ್ತು. ಅದೂ ಪುಸ್ತಕವೇ, ಪಿನ್ನು ಹೊಡೆದದ್ದು, ಮೇಲೆ ಚಿತ್ರವೂ ಇದೆ. ಅಂದು ಸಂಜೆ ಜಗಲಿಯ ಮೇಲೆ ಕೂತು ಮುಖ ಗಂಭೀರ ಮಾಡಿಕೊಂಡು ಶುರುಮಾಡಿದೆ.

“ಒಂದಾನೊಂದು ಊರಿನಲ್ಲಿ ಗ್ಯಾಸ್ಕೆಟ್ ಎಂಬ ರಾಜಕುಮಾರಿ ಇದ್ದಳು. ಅವಳನ್ನು ಪ್ರತಿದಿನ ತೊಳೆದು, ಒರೆಸಿ, ನೆರಳಿನಲ್ಲಿ ಇಡುತ್ತಿದ್ದರು.”

ಅಜ್ಜಿ ಹೂಂಗುಟ್ಟಿದಳು. ನನಗೆ ಧೈರ್ಯ ಬಂತು.

“ಅವಳ ತಂದೆ ಮಹಾ ಕೋಪಿಷ್ಠ. ಕೋಪ ಬಂದರೆ ತಲೆಯಿಂದ ಹೊಗೆ ಹೊರಡುತ್ತಿತ್ತು. ಮೂರು ಸಲ ಕೂಗಿದ ಮೇಲೆ ಅವನ ಹತ್ತಿರ ತಕ್ಷಣ ಹೋಗಬಾರದು. ತಣ್ಣಗಾಗುವವರೆಗೆ ಕಾಯಬೇಕು.”

“ಮೂರು ಸಲ ಕೂಗ್ದಾಗ ಬೇಳೆ ಬೆಂದಿತ್ತಾ?” ಅಂದಳು ಅಜ್ಜಿ.

ನಾನು ತಲೆ ಎತ್ತಲಿಲ್ಲ.

“ನಮ್ಮನೇಲೂ ಕುಕ್ಕರ್ ಅದೆ ಕಣೇ ಕಳ್ಳಿ. ಓದಕ್ಕೆ ಬರಲ್ಲ ಅಂದ್ರೆ ಅಡುಗೆ ಮಾಡಕ್ಕೂ ಬರಲ್ಲ ಅಂದ್ಕೊಂಡ್ಯಾ?” ಎದ್ದು ಹೋಗಿ ಗೋಡೆಯ ಮೇಲಿನ ಒಂದು ಗೆರೆಯನ್ನು ಹೆಬ್ಬೆರಳಲ್ಲಿ ಒರೆಸಿಬಿಟ್ಟಳು. ನಾನು ಇನ್ನೂ ಹಾಕಿಸಿಕೊಳ್ಳದ ಗೆರೆಗೆ ದಂಡವಾಗಿ ಹಳೆಯ ಗೆರೆ ಹೋಯಿತು. ಆದರೆ ಒಳಗೆ ಹೋದವಳು ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಸುತ್ತಿದ್ದದ್ದು ಕಿಟಕಿಯಲ್ಲಿ ಕಂಡಿತು.

ಮರುದಿನ ಲೈಬ್ರರಿಯಲ್ಲಿ ಉಳಿದಿದ್ದ ಒಂದು ದಪ್ಪ ಪುಸ್ತಕವನ್ನೇ ತರಬೇಕಾಯಿತು. ಕಳೆದುಹೋದ ಕತ್ತೆಯನ್ನು ಹುಡುಕಿಕೊಂಡು ಊರೂರು ಅಲೆಯುವ ಕುಂಬಾರರ ಹುಡುಗಿಯ ಕಥೆ. ಅದರ ಬೈಂಡು ಮೊದಲೇ ಸಡಿಲವಾಗಿತ್ತು. ಮೊದಲು ನಾನು ಸುಮ್ಮನೆ ಬೆರಳಾಡಿಸಿದೆ. ಸ್ವಲ್ಪ ಎಳೆದೆ. ಆಮೇಲೆ ನಾಲ್ಕು ಕಡೆ ಎಳೆದೆ. ನಾಲ್ಕು ಭಾಗಕ್ಕೂ ಬ್ರೌನ್ ಪೇಪರಿನ ರಟ್ಟು ಹಾಕಿ, ಲೇಬಲ್ ಅಂಟಿಸಿ, ಒಂದನೇ ಭಾಗ, ಎರಡನೇ ಭಾಗ ಎಂದು ದುಂಡಗೆ ಬರೆದೆ. ಒಂದು ಪುಸ್ತಕ ನಾಲ್ಕಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಮಾಡಿದೆ.

ಅದೇ ಹೊತ್ತಿಗೆ ನಮ್ಮ ಜಗಲಿಗೆ ಇನ್ನಿಬ್ಬರು ಬರತೊಡಗಿದ್ದರು. ಎದುರಿನ ಸೈಟಿನಲ್ಲಿ ಮನೆ ಏಳುತ್ತಿತ್ತು. ಗುಂಡ್ಲುಪೇಟೆ ಕಡೆಯ ಗಾರೆ ಕೆಲಸದ ಗಂಡಹೆಂಡಿರು ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಏಳಿರಬಹುದು, ಚಿಕ್ಕವಳು ಅವಳ ಸೊಂಟದ ಮೇಲೆ. ನನ್ನ ಗಟ್ಟಿ ಓದು ಕೇಳಿ ಮೊದಲ ದಿನ ಗೇಟಿನ ಆಚೆ ನಿಂತರು, ಎರಡನೇ ದಿನ ಗೇಟಿನ ಒಳಗೆ. ಚೆಂಡು ಕೊಡದ ಅಜ್ಜಿ ಬೈಯುತ್ತಾಳೆ ಎಂದು ನಾನು ಕಾದೆ. ಅಜ್ಜಿ ಒಳಗೆ ಹೋಗಿ ಮೊರದಲ್ಲಿ ಕಡ್ಲೆಪುರಿ ತಂದು ಮಧ್ಯದಲ್ಲಿಟ್ಟಳು. ಮೊರ ಖಾಲಿಯಾದದ್ದು ನಾನು ಒಂದು ಪುಟ ತಿರುಗಿಸುವುದರೊಳಗೆ. ಮರುದಿನದಿಂದ ಓದು ಶುರುವಾಗುವ ಮುಂಚೆ ಉಪ್ಪಿಟ್ಟು ಬರತೊಡಗಿತು. ಅಜ್ಜಿ ‘ತಿಂದ್ಕೊಂಡು ಕೇಳಿ’ ಅಂದಳು, ಅಷ್ಟೇ.

ಒಂದನೇ ಭಾಗ ಮುಗಿದದ್ದು ಹೀಗೆ: ಹುಡುಗಿಗೆ ಪಾಳುಬಾವಿಯೊಳಗಿಂದ ಕತ್ತೆ ಕೂಗಿದಂತೆ ಕೇಳಿಸುತ್ತದೆ, ಅವಳು ಹಗ್ಗ ಹಿಡಿದು ಬಾವಿಗೆ ಇಳಿಯುತ್ತಾಳೆ, ಹಗ್ಗ ಕಿತ್ತು— ನಾನು ಪುಸ್ತಕ ಮುಚ್ಚಿದೆ.

“ಕಿತ್ತು?” ಅಂದಳು ಅಜ್ಜಿ.

“ಅದು ಮುಂದಿನ ಪುಸ್ತಕದಲ್ಲಿದೆ.”

“ಎಲ್ಲಿ ಮುಂದಿನ ಪುಸ್ತಕ?”

“ನಾಳೆ ತರ್ತೀನಿ. ಅದು ಬೇರೆ ಪುಸ್ತಕ ಅಜ್ಜಿ. ಅದಕ್ಕೆ ಬೇರೆ ಐದು ರೂಪಾಯಿ.”

ಅಜ್ಜಿ ಕೈ ಚಾಚಿದಳು. ಪುಸ್ತಕವನ್ನು ತಗೊಂಡು, ಓದುವವಳಂತೆ ತಿರುಗಿಸಿ ನೋಡದೆ, ಬೆನ್ನಿನ ಕಡೆ ಹೆಬ್ಬೆರಳಾಡಿಸಿದಳು. ಕಿತ್ತ ದಾರ ಸಿಕ್ಕಿತು. “ಒಂದು ಡಬ್ಬಿ ಎಣ್ಣೆನ ನಾಲ್ಕು ಡಬ್ಬಿಗೆ ಸುರ್‍ದು ನಾಲ್ಕು ಡಬ್ಬಿ ಬೆಲೆ ಕೇಳ್ತಿದ್ದೀಯಲ್ಲೇ! ನಾನೂ ಇಪ್ಪತ್ತು ವರ್ಷ ಅಂಗಡೀಲಿ ಕೂತಿದ್ದೆ, ಇಷ್ಟು ಧೈರ್ಯ ನಂಗಿರಲಿಲ್ಲ” ಎಂದಳು. ಅದರಲ್ಲಿ ಬೈಗುಳ ಎಷ್ಟು, ಮೆಚ್ಚುಗೆ ಎಷ್ಟು ಎಂದು ನನಗೆ ಬಿಡಿಸಲಾಗಲಿಲ್ಲ. “ನಾಲ್ಕೂ ಸೇರಿ ಒಂದೇ ಗೆರೆ. ಈಗ ಹೋಗಿ ಎರಡನೇದು ತಗೊಂಬಾ. ಆ ಮಗ ಬಾವೀಲಿ ನೇತಾಡ್ತಾ ಅದೆ.”

ದೊಡ್ಡ ಹುಡುಗಿಗೆ ನಮ್ಮ ವ್ಯವಹಾರ ಅರ್ಥವಾಗಲಿಲ್ಲ. “ಯಾಕಕ್ಕ ದುಡ್ಡು?” ಎಂದು ಕೇಳಿದಳು. ನಾನು ಸ್ಲೈಡಿನ ಸರ್ ಥರವೇ ಹೇಳಿದೆ. ಎಲ್ಲೋ ದೂರದಲ್ಲಿ ಮಕ್ಕಳಿದ್ದಾರೆ, ಅವರಿಗೆ ಊಟವಿಲ್ಲ, ಅವರಿಗಾಗಿ ನಾನು ಓದುತ್ತಿದ್ದೇನೆ.

“ಅವ್ರಿಗೆ ಹಿಟ್ಟಿಲ್ವಾ?” ಅಂದಳು ಅವಳು, ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡೇ. “ಒಂದ್ ಹೊತ್ಗೂ ಇಲ್ವಾ? ನಮ್ಗೆ ರಾತ್ರಿಗೆ ಇರ್ತದೆ.”

ಅಜ್ಜಿ ಸಟ್ಟುಗ ಹಿಡಿದ ಕೈಯನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಪುಸ್ತಕದ ಕಡೆ ನೋಡಿದೆ.

ಮರುದಿನ ಅವಳು ಮುಷ್ಟಿಯಲ್ಲಿ ನಾಲ್ಕಾಣೆ ತಂದಳು. “ಅವ್ರಿಗೆ” ಎಂದಳು. ನಿಜ ಹೇಳುತ್ತೇನೆ, ನನಗೆ ಮೊದಲು ಬಂದ ಯೋಚನೆ, ಕಾರ್ಡಿನಲ್ಲಿ ಇನ್ನೊಂದು ಹೆಸರು ತುಂಬಿತಲ್ಲ ಎಂದು. ಸಹಿ ಮಾಡು ಎಂದು ಪೆನ್ನು ಕೊಟ್ಟೆ. ಅವಳು ನಾಲಿಗೆ ಕಚ್ಚಿಕೊಂಡು ಒಂದು ಉದ್ದ ಗೆರೆ ಎಳೆದಳು. ಎಳೆದ ಮೇಲೆ ನನ್ನ ಮುಖ ನೋಡಿ ನಕ್ಕಳು. ಆಗ ನನ್ನ ಕಿವಿ ಬಿಸಿಯಾಯಿತು. “ಬೇಡ, ನೀನೇ ಇಟ್ಕೊ” ಎಂದು ನಾಲ್ಕಾಣೆ ವಾಪಸು ಕೊಡಹೋದೆ. ಅವಳಿಗೆ ಸಿಟ್ಟೇ ಬಂತು. “ನಂದ್ ಯಾಕ್ ಬ್ಯಾಡ?” ಅಂದಳು. ಕೊನೆಗೆ ಅಜ್ಜಿಯೇ, “ಇಸ್ಕೊಳೇ” ಎಂದು ಗದರಿದಳು.

ಕತ್ತೆ ಇನ್ನೂ ಸಿಕ್ಕಿರಲಿಲ್ಲ, ಮೂರನೇ ಭಾಗದ ನಡುವೆ ಇದ್ದೆವು. ಅಷ್ಟರಲ್ಲಿ ಶಾಲೆಯಲ್ಲಿ ಮಿಸ್ಸು ಎಲ್ಲರ ಕಾರ್ಡು ನೋಡಿದರು. ಅಜ್ಜಿಯ ಗೋಡೆಯ ಲೆಕ್ಕ ಶಾಲೆಗೆ ಹೇಗೆ ಗೊತ್ತಾಗಬೇಕು ಎಂದು, ನಾನು ಕಾರ್ಡಿನಲ್ಲಿ ಮಾತ್ರ ಭಾಗ ಒಂದು, ಎರಡು, ಮೂರು, ನಾಲ್ಕು ಎಂದೇ ಬರೆದಿದ್ದೆ. ಆ ಪುಸ್ತಕವನ್ನು ಲೈಬ್ರರಿಗೆ ತಂದವರೇ ಆ ಮಿಸ್ಸು. “ಇದಕ್ಕೆ ಭಾಗಗಳು ಯಾವಾಗ ಬಂದವು?” ಎಂದರು. ನಾಲ್ಕೂ ಭಾಗ ತಂದುಕೊಡಬೇಕಾಯಿತು. ಕಿತ್ತ ಬೆನ್ನುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ನಾಳೆ ದೊಡ್ಡವರನ್ನು ಕರೆದುಕೊಂಡು ಬಾ, ಹೆಡ್‌ಮಿಸ್ಸನ್ನು ಕಾಣಬೇಕು ಎಂದರು.

ದೊಡ್ಡವರು ಎಂದರೆ ಅಪ್ಪಅಮ್ಮನೇ ಎಂದೇನೂ ಅವರು ಹೇಳಿರಲಿಲ್ಲ. ನಾನು ಓನರಜ್ಜಿಯನ್ನು ಕರೆದುಕೊಂಡು ಹೋದೆ.

ಅಜ್ಜಿ ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು ಬಂದಳು. ಹೆಡ್‌ಮಿಸ್ಸು ಕುರ್ಚಿ ತೋರಿಸಿದರು. ಮೇಜಿನ ಮೇಲೆ ನಾಲ್ಕು ಭಾಗ ಸಾಲಾಗಿ ಬಿದ್ದಿದ್ದವು. “ನೋಡಿ ಅಮ್ಮಾ, ನಿಮ್ಮ ಮೊಮ್ಮಗಳು...” ಎಂದು ಶುರುಮಾಡಿದರು.

“ನನ್ನ ಮೊಮ್ಮಗಳಲ್ಲ ತಾಯಿ, ಬಾಡಿಗೆಯೋರ ಮಗಳು” ಎಂದು ಅಜ್ಜಿ ಅಲ್ಲೇ ನನ್ನನ್ನು ಕೈಬಿಟ್ಟಳು. “ಹರ್‍ದಿದ್ದು ತಪ್ಪು. ಸುಳ್ಳು ಲೆಕ್ಕ ಬರ್ದಿದ್ದೂ ತಪ್ಪು. ಎರಡು ಬಿಗಿದ್ರೂ ನಂಗೇನಿಲ್ಲ. ಆದ್ರೆ ಆ ಕಥೆ ಇನ್ನೂ ಮುಗ್ದಿಲ್ಲ.”

ಹೇಳುತ್ತಲೇ ಚೀಲದಿಂದ ಗೋಣಿ ಹೊಲಿಯುವ ದಬ್ಬಳ, ಸೆಣಬಿನ ಹುರಿ ತೆಗೆದಳು. ಹೆಡ್‌ಮಿಸ್ಸು ಬೇಡ ಎನ್ನುವುದರೊಳಗೆ ನಾಲ್ಕು ಭಾಗವನ್ನೂ ಒಂದರ ಮೇಲೊಂದು ಕುಟ್ಟಿ ಸಮ ಮಾಡಿ, ಎಣ್ಣೆಕಾಳಿನ ಮೂಟೆ ಹೊಲಿದಂತೆ ಹೊಲಿಯತೊಡಗಿದಳು. ಹೊಲಿದು ಮುಗಿಸಿ ಹಲ್ಲಿನಲ್ಲಿ ಹುರಿ ಕಡಿದು, ಪುಸ್ತಕವನ್ನು ಎರಡು ರಟ್ಟು ಹಿಡಿದು ಜಗ್ಗಿ ತೋರಿಸಿದಳು. “ಈಗ ನಿಮ್ಮ ಕಾಲಕ್ಕೂ ಬಿಚ್ಚಲ್ಲ.” ಹೆಡ್‌ಮಿಸ್ಸು ನಗು ತಡೆಯಲಾಗದೆ ಕೆಮ್ಮು ಬಂದವರಂತೆ ಮಾಡಿದರು. ಆಮೇಲೆ ನನ್ನ ಕಾರ್ಡು ತಿರುಗಿಸಿ, ಆ ಉದ್ದ ಗೆರೆಯ ಮೇಲೆ ಬೆರಳಿಟ್ಟು ಇದು ಯಾರದು ಎಂದು ಕೇಳಿದರು. ಅಜ್ಜಿ ಹೇಳಿದಳು. ಕೆಮ್ಮು ನಿಂತಿತು.

ನನಗೆ ಶಿಕ್ಷೆ ತಪ್ಪಲಿಲ್ಲ. ಒಂದು ವಾರ ಬಿಡುವಿನ ಹೊತ್ತಿನಲ್ಲಿ ಲೈಬ್ರರಿಯ ಪುಸ್ತಕಗಳ ಧೂಳು ಒರೆಸಬೇಕಿತ್ತು. ಬಹುಮಾನವೂ ತಪ್ಪಿತು. ಸಮಾರಂಭದ ದಿನ ಪೆನ್ಸಿಲ್ ಬಾಕ್ಸು ಹೋದದ್ದು ನೂರ ಹನ್ನೆರಡು ಪುಸ್ತಕ ಓದಿದ ನಮ್ಮ ಕ್ಲಾಸಿನವಳಿಗೆ. ಅಜ್ಜಿಯೂ ದುಡ್ಡು ಕೊಡಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನೂರ ಹನ್ನೆರಡು ಎಂದು ಸ್ಲೈಡಿನ ಸರ್ ಹೇಳಿದ್ದೇ ತಡ, ಚಪ್ಪಾಳೆಯ ಮಧ್ಯೆ ಅವಳ ಗಂಟಲು ಎದ್ದಿತು. “ನೂರ ಹನ್ನೆರಡಾ! ಯಾರ ಮುಂದೆ ಓದಿದ್ಲಂತೆ?”

ಇಡೀ ಸಭೆ ನಕ್ಕಿತು. ಬಹುಮಾನದವಳ ಅಮ್ಮ ಮಾತ್ರ ನಗಲಿಲ್ಲ. ನಾನು ಬೆಂಚಿನ ಕೆಳಗೆ ಇಳಿದುಹೋಗಬೇಕು ಅನಿಸುವಷ್ಟು ನಾಚಿದೆ, ಜೊತೆಗೇ ಜೀವಮಾನದಲ್ಲಿ ಅಷ್ಟು ಖುಷಿಯಾದದ್ದೂ ಕಡಿಮೆ. ಅಜ್ಜಿ ಗೋಡೆಯ ಗೆರೆಯ ಪ್ರಕಾರ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ, ದುಡ್ಡನ್ನು ಸರ್ ಮುಂದಿದ್ದ ಡಬ್ಬಿಗೆ ಹಾಕಿದಳು. ಸರ್ ಕೈಮುಗಿದಾಗ, “ತಲುಪಿಸ್ತೀರಾ ಸ್ವಾಮಿ?” ಎಂದು ಕೇಳಿದಳು. ಸರ್ ಖಂಡಿತ ಎಂದರು. “ತಲುಪಿದ್ಮೇಲೆ ಒಂದು ಕಾಗದ ಹಾಕಿ, ಈ ಮಗು ಓದಿ ಹೇಳ್ತದೆ” ಅಂದಳು. ಕಾಗದ ಬರಲಿಲ್ಲ. ದುಡ್ಡು ತಲುಪಿತೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ತಲುಪಿರಬೇಕು. ಆ ಸರ್ ಕೆಟ್ಟವರಂತೆ ಕಾಣಿಸುತ್ತಿರಲಿಲ್ಲ.

ಹೊಲಿದ ಪುಸ್ತಕವನ್ನು ಹೆಡ್‌ಮಿಸ್ಸು ಇನ್ನೊಂದು ವಾರಕ್ಕೆ ನನಗೇ ಕೊಟ್ಟರು. ಅದನ್ನು ಹಿಡಿದುಕೊಂಡು ಸಂಜೆ ಜಗಲಿಗೆ ಬಂದರೆ ಕೇಳುವವರಿಲ್ಲ. ಎದುರು ಮನೆಗೆ ತಾರಸಿ ಹಾಕಿಯಾಗಿತ್ತು. ಮೇಸ್ತ್ರಿ ಅವರನ್ನು ಬೋಗಾದಿಯ ಇನ್ನೊಂದು ಸೈಟಿಗೆ ಕಳಿಸಿದ್ದ, ತಗಡಿನ ಶೆಡ್ಡಿನ ಜಾಗದಲ್ಲಿ ಮೂರು ಒಲೆಕಲ್ಲು ಉಳಿದಿದ್ದವು.

“ಓದಲಾ ಅಜ್ಜಿ?” ಎಂದೆ.

ಅಜ್ಜಿ ಉಪ್ಪಿಟ್ಟಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. “ಬ್ಯಾಡ. ಅರ್ಧ ಕಥೆ ಕೇಳ್ಕೊಂಡು ಹೋಗವೆ ಮಕ್ಕಳು. ನಾವಿಬ್ರೇ ಮುಗಿಸ್ಕೊಂಡ್ರೆ ಚೆನ್ನಾಗಿರಲ್ಲ. ಭಾನುವಾರ ಹೋಗವ.”

ಆ ಭಾನುವಾರ ಸಿಟಿ ಬಸ್‌ಸ್ಟ್ಯಾಂಡಿಗೆ ಒಂದು ಬಸ್ಸು, ಅಲ್ಲಿಂದ ಬೋಗಾದಿಗೆ ಇನ್ನೊಂದು. ಬೋಗಾದಿಯಲ್ಲಿ ಆಗ ಹಳೆಯ ಊರಿನ ಸುತ್ತ ಹೊಲಗಳಲ್ಲೆಲ್ಲ ಸೈಟಿನ ಕಲ್ಲು ನೆಟ್ಟಿದ್ದರು, ಎಲ್ಲಿ ನೋಡಿದರೂ ಅರ್ಧ ಗೋಡೆ. ಅಜ್ಜಿ ಪ್ರತಿ ಮರಳುರಾಶಿಯ ಹತ್ತಿರವೂ ನಿಂತು, “ಗುಂಡ್ಲುಪೇಟೆಯೋರು, ಎರಡು ಹೆಣ್ಣುಮಕ್ಕಳು” ಎಂದು ವಿಚಾರಿಸಿದಳು. ಒಬ್ಬ ಕಾವಲುಗಾರ ಯಾರೋ ಬಾಕಿ ವಸೂಲಿಗೆ ಬಂದಿದ್ದಾರೆ ಎಂದುಕೊಂಡು ನಮ್ಮನ್ನು ಬೇರೆ ದಿಕ್ಕಿಗೆ ಕಳಿಸಿದ. ಬಿಸಿಲಿನಲ್ಲಿ ಒಂದು ಗಂಟೆ ಸುತ್ತಿದ ಮೇಲೆ ಹಿಂದಿನಿಂದ “ಕತ್ತೆ ಅಕ್ಕ!” ಎಂದು ಯಾರೋ ಕೂಗಿದರು. ತಂಗಿಯನ್ನು ಸೊಂಟದ ಮೇಲಿಟ್ಟುಕೊಂಡು ದೊಡ್ಡವಳು ಓಡಿಬರುತ್ತಿದ್ದಳು.

ಜಲ್ಲಿರಾಶಿಯ ನೆರಳಿನಲ್ಲಿ ಕೂತು ಓದಿದೆ. ಮಕ್ಕಳ ಅಮ್ಮ ಬಾಂಡಲಿ ಇಳಿಸಿ ನಿಂತಳು. ಅಪ್ಪ ಗಾರೆ ಮೆತ್ತಿದ ಕರಣೆ ಹಿಡಿದುಕೊಂಡೇ ನಿಂತ. ಪಕ್ಕದ ಸೈಟಿನಿಂದ ನಾಲ್ಕು ಜನ ಬಂದರು. ಮೇಸ್ತ್ರಿ ಸ್ಕೂಟರಿನಲ್ಲಿ ಬಂದು, “ಏನ್ರೀ ಇದು, ಕೆಲಸದ ಟೈಮಲ್ಲಿ?” ಎಂದು ರೇಗಿದ.

“ಎರಡು ಪುಟ ಉಳ್ದವೆ ಕಣಪ್ಪ. ಕತ್ತೆ ಸಿಗ್ಲಿ, ಆಮೇಲೆ ಕೆಲಸ” ಎಂದಳು ಅಜ್ಜಿ, ಅವನ ಕಡೆ ನೋಡದೆಯೇ. ಅವನು ಸ್ಕೂಟರಿನ ಮೇಲೇ ಕೂತು ಕೇಳಿದ. ಕತ್ತೆ ಸಿಕ್ಕಿದ್ದು ಹುಡುಗಿಯ ಸ್ವಂತ ಊರಿನಲ್ಲೇ, ಅವಳದೇ ಮನೆಯ ಹಿತ್ತಲಲ್ಲಿ. ಎಲ್ಲರೂ ನಕ್ಕರು. ದೊಡ್ಡವಳು ಮಾತ್ರ, “ಥೂ, ಮದ್ಲೇ ನೋಡ್ಬೇಕಿತ್ತು” ಎಂದು ಕುಂಬಾರರ ಹುಡುಗಿಯನ್ನು ಬೈದಳು.

ಹೊರಡಲು ಎದ್ದೆವು. ಮಕ್ಕಳ ಅಮ್ಮ ಬಿಡಲಿಲ್ಲ. “ಇಷ್ಟು ದೂರ ಬಂದಿದ್ದೀರಿ, ಉಂಡ್ಕೊಂಡು ಹೋಗಿ ಕಣಮ್ಮ” ಎಂದು ಶೆಡ್ಡಿನೊಳಗೆ ಕೂರಿಸಿದಳು. ನನಗೆ ಗಾಬರಿಯಾಯಿತು. ಓನರಜ್ಜಿ ನಮ್ಮ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಿದವಳಲ್ಲ. ಹಬ್ಬಕ್ಕೆ ಅಮ್ಮ ಕೊಟ್ಟ ಒಬ್ಬಟ್ಟನ್ನೂ ಇಸಿದುಕೊಂಡು ಪಕ್ಕಕ್ಕಿಡುತ್ತಿದ್ದವಳು.

ಎರಡು ಅಲ್ಯೂಮಿನಿಯಂ ತಟ್ಟೆಯಲ್ಲಿ ಮುದ್ದೆ ಬಂತು. ಅಜ್ಜಿ ತಟ್ಟೆ ನೋಡಿದಳು, ಮಕ್ಕಳನ್ನು ನೋಡಿದಳು. “ಏನವ್ವ ಸಾರು?” ಅಂದಳು.

“ಸೊಪ್ಪಿನ ಉಪ್ಸಾರು ಕಣಮ್ಮ. ಬ್ಯಾರೆ ಏನೂ ಹಾಕಿಲ್ಲ.”

ಅಜ್ಜಿ ಕರಡಿಗೆಯನ್ನು ಎಡಗೈಯಲ್ಲಿ ಮುಟ್ಟಿಕೊಂಡು ಕಣ್ಣು ಮುಚ್ಚಿ ಏನೋ ಗುನುಗಿದಳು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಅರ್ಧ ಮುಗಿಸಿ ತಲೆ ಎತ್ತಿ, “ಖಾರ ಸ್ವಲ್ಪ ಜಾಸ್ತಿ ಆಗದೆ” ಎಂದಳು. ಮಕ್ಕಳ ಅಮ್ಮ ಅಳುಕುತ್ತಾ ಸಾರಿನ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

“ಹಾಕವ್ವ, ಹಾಕು.”